ತಮಟೆಯ ಸದ್ದೂ ಜಮೈಕಾದ ಹಾಡೂ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ಈ ತಲೆಬರಹವನ್ನು ನೋಡಿ ವಾಚಕ ಮಹಾಶಯರು ನಕ್ಕರೆ ನನಗೆ ಬೇಸರವಿಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ ಗೂಟಕ್ಕೆ ತೂಗುಹಾಕಿರುವ ತಮಟೆಗೂ, ಸಮುದ್ರಗಳಾಚೆ ಅಮೆರಿಕ ಖಂಡದ ಮಗ್ಗುಲಲ್ಲಿರುವ ಜಮೈಕಾ ದ್ವೀಪಕ್ಕೂ ಏನು ನಂಟೆಂದು ನಾನೂ ಒಂದು ಕಾಲಕ್ಕೆ ಕೇಳುತ್ತಿದ್ದವನೇ. ಆ ನಂಟನ್ನು ನನಗೆ ಮೊದಲು ತೋರಿಸಿಕೊಟ್ಟವಳು ಅಕ್ಷರವನ್ನೇ ಅರಿಯದ ನನ್ನ ಅಜ್ಜಿ.

ಕಳೆದ ಯುಗಾದಿಗೆ ನಾಗಮಂಗಲದ ಕಡೆಯ ನನ್ನ ಸಹಪಾಠಿಯೊಬ್ಬ ನಮ್ಮ ಮನೆಗೆ ಬಂದಿದ್ದ. ಮೈಸೂರಿನ ಬೀದಿ ಬದಿಯಲ್ಲಿ ಚೌಕಾಸಿ ಮಾಡಿ ಕೊಂಡ ಟೀ ಶರ್ಟೊಂದನ್ನು ತೊಟ್ಟಿದ್ದ. ಅದರ ಎದೆಯ ಮೇಲೆ ಜಡೆಗಟ್ಟಿದ ಕೂದಲಿನ, ಕುರುಚಲು ಗಡ್ಡದ ಒಬ್ಬ ಗಂಡಸಿನ ನಗುಮುಖ. ಹಿಂದೆ ಕೆಂಪು, ಹಳದಿ, ಹಸಿರು ಪಟ್ಟೆಗಳು. ಅಜ್ಜಿ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. “ಇವ್ರು ಯಾವ ಮಠದ ಬುದ್ದಿಯೋರಪ್ಪಾ? ಕಪ್ಪಡಿ ಕಡೆಯೋರಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಆ ಚಿತ್ರಕ್ಕೆ ಕೈ ಮುಗಿದಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆಮೇಲೆ, ಅದು ಯಾರ ಚಿತ್ರವೆಂದು ತೊಟ್ಟವನನ್ನೇ ಕೇಳಿದರೆ, “ಯಾರೋ ಹಾಡುಗಾರನಂತೆ ಕಣೋ” ಎಂದ. ಅಜ್ಜಿಗೆ ಅದಕ್ಕಿಂತ ಹೆಚ್ಚು ತಿಳಿದಿತ್ತೆಂದು ಈಗ ನನಗೆ ಅನ್ನಿಸುತ್ತದೆ.

ಆ ಹಾಡುಗಾರ ಬಾಬ್ ಮಾರ್ಲಿ. 1945ರಲ್ಲಿ ಜಮೈಕಾದ ಗುಡ್ಡಗಾಡಿನ ನೈನ್ ಮೈಲ್ ಎಂಬ ಹಳ್ಳಿಯಲ್ಲಿ ಹುಟ್ಟಿ, ರಾಜಧಾನಿ ಕಿಂಗ್‌ಸ್ಟನ್ನಿನ ಟ್ರೆಂಚ್‌ಟೌನ್ ಎಂಬ ಬಡವರ ಕೇರಿಯಲ್ಲಿ ಬೆಳೆದು, 1981ರಲ್ಲಿ 36ನೆಯ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡವನು. ಅವನೂ ಅವನ ಜೊತೆಗಾರರಾದ ಪೀಟರ್ ಟಾಷ್, ಬನ್ನಿ ವೇಲರ್ ಮೊದಲಾದವರೂ ಹಾಡಿದ ಸಂಗೀತಕ್ಕೆ ರೆಗೇ ಎಂದು ಹೆಸರು. ಅದರಲ್ಲಿಯೂ ದೇವರು, ದಾಸ್ಯ, ಹಸಿವು, ತಾಯ್ನೆಲ ಇವುಗಳನ್ನು ಕುರಿತು ಹಾಡುವ ಬಗೆಗೆ ರೂಟ್ಸ್ ರೆಗೇ, ಎಂದರೆ ಬೇರಿನ ರೆಗೇ ಎನ್ನುತ್ತಾರೆ.

ಬೇರೆಂದ ಮೇಲೆ ಮಣ್ಣನ್ನು ನೋಡಬೇಕು. ಜಮೈಕಾದ ಮಣ್ಣು ಕಬ್ಬಿನ ಮಣ್ಣು. ಆಫ್ರಿಕದಿಂದ ಹಡಗುಗಳಲ್ಲಿ ತುಂಬಿ ತಂದ ಗುಲಾಮರ ಬೆವರಿನಿಂದ ಅಲ್ಲಿಯ ಕಬ್ಬಿನ ತೋಟಗಳು ಬೆಳೆದುವು. 1838ರಲ್ಲಿ ಗುಲಾಮಗಿರಿ ಪೂರ್ತಿಯಾಗಿ ಕೊನೆಗೊಂಡಾಗ ತೋಟದ ದೊರೆಗಳಿಗೆ ಆಳುಗಳು ಬೇಕಾದರು. 1845ರಿಂದ ನಮ್ಮ ಭಾರತದಿಂದಲೇ ಕರಾರಿನ ಕೂಲಿಗಳನ್ನು ಅಲ್ಲಿಗೆ ಸಾಗಿಸಿದರು. 1917ರವರೆಗೆ ಹೀಗೆ ಹೋದವರು ಸುಮಾರು 36,000 ಮಂದಿ. ಇತ್ತ ನಮ್ಮ ಶ್ರೀರಂಗಪಟ್ಟಣದ ಪಕ್ಕದ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಎದ್ದದ್ದು 1847ರಲ್ಲಿ, ಆ ಮೊದಲ ಹಡಗು ಹೋದ ಎರಡೇ ವರ್ಷಕ್ಕೆ. ಕನ್ನಂಬಾಡಿ ಕಟ್ಟೆಯೂ ವಿಶ್ವೇಶ್ವರಯ್ಯ ನಾಲೆಯೂ ಬಂದ ಮೇಲೆ ಮಂಡ್ಯದಲ್ಲಿ ಮೈಷುಗರ್, ಆಮೇಲೆ ಪಾಂಡವಪುರದಲ್ಲಿ ಸಹಕಾರಿ ಕಾರ್ಖಾನೆ ಬಂದುವು. ಕಬ್ಬಿನ ಗದ್ದೆಯ ಒಡೆಯನ ಕಥೆ ಎಲ್ಲ ಕಡೆಯೂ ಬರೆದಿಟ್ಟಿರುತ್ತದೆ. ಕಬ್ಬು ಕಡಿಯುವವನ ಕಥೆ ಸಿಕ್ಕುವುದು ಹಾಡಿನಲ್ಲಿ ಮಾತ್ರ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಈ ಹಾಡುಗಳ ಮೇಲೆ ಆಸೆ ಹುಟ್ಟಿದ್ದು ಈ ಕಾರಣದಿಂದ.

ಆ ತೋಟಗಳಲ್ಲಿ ಗುಲಾಮರು ಡೋಲು ಬಡಿಯುವುದಕ್ಕೆ ನಿಷೇಧವಿತ್ತು. ಡೋಲಿನ ಸದ್ದು ಒಂದು ತೋಟದಿಂದ ಇನ್ನೊಂದಕ್ಕೆ ದಂಗೆಯ ಸುದ್ದಿಯನ್ನು ಒಯ್ದೀತೆಂದು ದೊರೆಗಳಿಗೆ ಭಯ. ಆದಾಗ್ಯೂ ಡೋಲು ಸಾಯಲಿಲ್ಲ. ಬೆಟ್ಟಗಳಲ್ಲಿ, ಸಾವಿನ ಮನೆಗಳಲ್ಲಿ, ಗುಟ್ಟಾದ ಪೂಜೆಗಳಲ್ಲಿ ಉಸಿರು ಹಿಡಿದುಕೊಂಡಿತ್ತು. 1930ರಲ್ಲಿ ಇಥಿಯೋಪಿಯದಲ್ಲಿ ಹೈಲೆ ಸೆಲಾಸಿ ಪಟ್ಟವೇರಿದಾಗ ಜಮೈಕಾದ ಬಡ ಕಪ್ಪು ಜನರಲ್ಲಿ ಕೆಲವರು, ನಮ್ಮನ್ನು ಬಿಡಿಸಲು ಬಂದ ದೇವರು ಇವನೇ ಎಂದು ನಂಬಿದರು. ಕಪ್ಪು ಜನ ತಲೆಯೆತ್ತಿ ನಿಲ್ಲಬೇಕೆಂದು ಬೋಧಿಸಿದ ಮಾರ್ಕಸ್ ಗಾರ್ವೆ ಅವರಿಗೆ ಪ್ರವಾದಿಯಾದ. ರಾಸ್ತಫಾರಿಗಳೆಂದು ಕರೆಸಿಕೊಂಡ ಇವರು ಕೂದಲು ಕತ್ತರಿಸದೆ ಜಡೆ ಬಿಟ್ಟರು. ತಮ್ಮನ್ನು ತುಳಿಯುವ ವ್ಯವಸ್ಥೆಗೆ ಬೈಬಲ್ಲಿನಿಂದ ಬ್ಯಾಬಿಲಾನ್ ಎಂಬ ಹೆಸರನ್ನು ತೆಗೆದುಕೊಂಡರು. ಮೂರು ಬಗೆಯ ಡೋಲುಗಳನ್ನು ಸುತ್ತ ಕುಳಿತು ಬಡಿಯುತ್ತ ಹಾಡಿದರು. ಸ್ವತಂತ್ರ ಜಮೈಕಾ ಕೂಡ ಇವರನ್ನು ಮನುಷ್ಯರಂತೆ ಕಾಣಲಿಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1963ರಲ್ಲಿ, ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಗಲಭೆಯ ನೆಪದಲ್ಲಿ ಪೋಲೀಸರು ಕಂಡ ಕಂಡ ಜಡೆಯವರನ್ನೆಲ್ಲ ಹಿಡಿದು ಹೊಡೆದರು, ಜಡೆ ಕತ್ತರಿಸಿದರು. ಅದಕ್ಕೆ ಅಲ್ಲಿಯ ಸರ್ಕಾರ ಕ್ಷಮೆ ಕೇಳಿದ್ದು 2017ರಲ್ಲಿ, 54 ವರ್ಷಗಳ ನಂತರ!

ಈ ಡೋಲು ಕೌಂಟ್ ಆಸಿ ಎಂಬ ವಾದ್ಯಗಾರನ ಕೈಯಿಂದ 1960ರ ಸುಮಾರಿಗೆ ಧ್ವನಿಮುದ್ರಣದ ಕೋಣೆಯನ್ನು ಹೊಕ್ಕಿತು. ಸ್ಕಾ, ರಾಕ್‌ಸ್ಟೆಡಿ ಎಂಬ ಕುಣಿತದ ಮಟ್ಟುಗಳು ನಿಧಾನವಾಗುತ್ತ ಆಗುತ್ತ 1968ರ ಹೊತ್ತಿಗೆ ರೆಗೇ ಆಯಿತು. ಅದರ ಲಯದಲ್ಲಿ ಒಂದು ಸೋಜಿಗವಿದೆ. ನಾಲ್ಕು ಎಣಿಕೆಯ ಆವರ್ತದಲ್ಲಿ ಮೊದಲನೆಯ ಎಣಿಕೆಗೆ ಡ್ರಮ್ಮಿನವನು ಸುಮ್ಮನಿರುತ್ತಾನೆ. ಪೆಟ್ಟು ಬೀಳುವುದು ಮೂರನೆಯದಕ್ಕೆ. ಬಲ ಬೀಳಬೇಕಾದ ಜಾಗದಲ್ಲಿಯೇ ಮೌನ! ಕೇಳಿದವರ ಕಾಲು ತಾನಾಗಿ ಆ ಖಾಲಿ ಜಾಗವನ್ನು ತುಂಬುತ್ತದೆ. ಇದನ್ನು ಬಡವರಿಗೆ ತಲುಪಿಸಿದ್ದು ರೇಡಿಯೋ ಅಲ್ಲ, ದೊಡ್ಡ ದೊಡ್ಡ ಲೌಡ್‌ಸ್ಪೀಕರುಗಳನ್ನು ಗಾಡಿಯ ಮೇಲೆ ಹೇರಿಕೊಂಡು ಬೀದಿಯಲ್ಲಿ ಹಾಡು ಹಾಕುತ್ತಿದ್ದವರು. ನಮ್ಮೂರ ಹಬ್ಬಗಳ ಮೈಕ್‌ಸೆಟ್ಟಿನವರು ಅವರ ದಾಯಾದಿಗಳೆಂದೇ ಹೇಳಬೇಕು.

ಹಾಡಿನಿಂದ ಏನಾಯಿತು ಎಂದು ಅರ್ಥಶಾಸ್ತ್ರದ ಮಿತ್ರರು ಕೇಳುತ್ತಾರೆ. 1972ರ ಚುನಾವಣೆಯಲ್ಲಿ ಮೈಕೆಲ್ ಮ್ಯಾನ್ಲಿ ಈ ಹಾಡುಗಾರರನ್ನು ಜೊತೆಗೆ ಕರೆದುಕೊಂಡು ಹಳ್ಳಿಹಳ್ಳಿ ತಿರುಗಿ ಗೆದ್ದ. 1976ರ ಡಿಸೆಂಬರಿನಲ್ಲಿ ಮಾರ್ಲಿಯ ಮನೆಗೆ ನುಗ್ಗಿ ಗುಂಡು ಹಾರಿಸಿದರು; ಎರಡು ದಿನ ಕಳೆದು ಗಾಯದ ತೋಳಿನಲ್ಲೇ ಅವನು ವೇದಿಕೆ ಏರಿದ. 1978ರ ಏಪ್ರಿಲಿನಲ್ಲಿ, ಒಬ್ಬರನ್ನೊಬ್ಬರು ಕೊಲ್ಲಿಸುತ್ತಿದ್ದ ಎರಡು ಪಕ್ಷಗಳ ನಾಯಕರನ್ನು ವೇದಿಕೆಗೆ ಕರೆದು ಇಬ್ಬರ ಕೈಯನ್ನೂ ತನ್ನ ತಲೆಯ ಮೇಲೆ ಕೂಡಿಸಿ ಹಿಡಿದ. ಆ ಚಿತ್ರವನ್ನು ಲೋಕವೇ ಕೊಂಡಾಡಿತು. ಆದರೆ 1980ರ ಚುನಾವಣೆಯಲ್ಲಿ ಅದೇ ಕಿಂಗ್‌ಸ್ಟನ್ನಿನ ಕೇರಿಗಳಲ್ಲಿ ನೂರಾರು ಹೆಣಗಳು ಬಿದ್ದುವು. ಹಾಡು ಬಂದೂಕನ್ನು ಕಸಿದುಕೊಳ್ಳಲಾರದು. ಅಷ್ಟನ್ನು ಅದರಿಂದ ಕೇಳುವುದೂ ನ್ಯಾಯವಲ್ಲ. ಅದು ಮಾಡಿದ ಕೆಲಸ ಬೇರೆ. ‘ಕೇರಿಯವನು’ ಎಂಬ ಮಾತು ಬಯ್ಗುಳವಾಗಿದ್ದ ನಾಡಿನಲ್ಲಿ ಕೇರಿಯ ಜಡೆ, ಕೇರಿಯ ಡೋಲು, ಕೇರಿಯ ಮುರುಕು ಇಂಗ್ಲಿಷು ಇವೇ ದೇಶದ ಗುರುತಾದುವು. 1980ರ ಏಪ್ರಿಲಿನಲ್ಲಿ ಜಿಂಬಾಬ್ವೆ ಸ್ವತಂತ್ರವಾದ ರಾತ್ರಿ ಹಾಡಲು ಮಾರ್ಲಿಗೆ ಕರೆ ಹೋಯಿತು. 2018ರಲ್ಲಿ ಯುನೆಸ್ಕೋ ಸಂಸ್ಥೆ ಜಮೈಕಾದ ರೆಗೇಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ನಮ್ಮ ಕಡೆಗೆ ಬರುತ್ತೇನೆ. ಅಲ್ಲಿಗೂ ಇಲ್ಲಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅದನ್ನು ಮರೆತು ಹೋಲಿಕೆ ಮಾಡಹೊರಟರೆ ಮೋಸಹೋಗುತ್ತೇವೆ. ಅಲ್ಲಿ ಡೋಲು ಬಡಿದರೆ ಶಿಕ್ಷೆ. ನಮ್ಮಲ್ಲಿ ಬಡಿಯದಿದ್ದರೆ ಶಿಕ್ಷೆ.

ನನ್ನ ತಾತ ಊರಿನ ತಮಟೆಯವನು. ಸಾವಾದರೆ ಹೆಣದ ಮುಂದೆ, ಮಾರಿಹಬ್ಬವಾದರೆ ದೇವರ ಮುಂದೆ, ಕಂದಾಯದ ಸುದ್ದಿಯಾದರೆ ಬೀದಿ ಬೀದಿಯಲ್ಲಿ ಸಾರುವುದಕ್ಕೆ, ಎಲ್ಲಕ್ಕೂ ಅವನೇ. ದೇವರ ಮುಂದೆ ಬಡಿಯುತ್ತಿದ್ದವನಿಗೆ ದೇವಸ್ಥಾನದ ಒಳಕ್ಕೆ ಹೋಗುವ ಹಕ್ಕಿರಲಿಲ್ಲ. ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತರೆ ಒಂದಿಷ್ಟು ರಾಗಿ, ಒಂದು ಹೊರೆ ಹುಲ್ಲು, ಅದೇ ಸಂಬಳ. ತೋಟಿ, ತಳವಾರ ಮುಂತಾದ ವಂಶಪಾರಂಪರ್ಯದ ಗ್ರಾಮ ಉದ್ಯೋಗಗಳನ್ನು ತೆಗೆದುಹಾಕುವ ಕಾಯಿದೆ ನಮ್ಮ ರಾಜ್ಯದಲ್ಲಿ 1961ರಲ್ಲೇ ಆಗಿದೆ. ಕಾಯಿದೆ ತಾಲ್ಲೂಕು ಕಚೇರಿಗೆ ಬಂದು ತಲುಪಿತು. ನಮ್ಮ ಊರಿನ ಅರಳಿಕಟ್ಟೆಗೆ ತಲುಪುವುದಕ್ಕೆ ಅದಕ್ಕೆ ಬಸ್ಸು ಸಿಕ್ಕಲಿಲ್ಲವೆಂದು ಕಾಣುತ್ತದೆ. ತಾತ ಒಮ್ಮೆ ನನಗೆ ಹೇಳಿದ್ದ: “ಬಡಿ ಅಂದ್ರೆ ಬಡೀಬೇಕಿತ್ತು ಕನ್ಲಾ ಮಗ, ನಿಲ್ಸು ಅಂದ್ರೆ ನಿಲ್ಲುಸ್ಬೇಕಿತ್ತು. ನನ್ ತಮ್ಮ ಸತ್ತು ಮನೆ ಮುಂದೆ ಮಲಗವ್ನೆ, ನಾನು ಊರೊಳಗೆ ಹಬ್ಬಕ್ಕೆ ಬಡೀತಾ ಇವ್ನಿ.” ಇದನ್ನು ಹೇಳುವಾಗ ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಅದೇ ನನಗೆ ತಡೆಯದಾಯಿತು.

ಅದೇ ತಾತ ತಮಟೆಯನ್ನು ಕೈಗೆ ತೆಗೆದುಕೊಂಡರೆ ಬೇರೆ ಮನುಷ್ಯನೇ ಆಗುತ್ತಿದ್ದ. ಒಣಹುಲ್ಲಿಗೆ ಬೆಂಕಿಯಿಟ್ಟು ಚರ್ಮವನ್ನು ಆ ಉರಿಗೆ ಹಿಡಿದು, ಬೆರಳಿನಿಂದ ಮಿಡಿದು, ಕಿವಿಗೊಟ್ಟು, ಮತ್ತೆ ಉರಿಗೆ ಹಿಡಿದು, ಗಂಟೆಯಂತೆ ಕಣಕಣ ಎನ್ನುವವರೆಗೂ ಬಿಡುತ್ತಿರಲಿಲ್ಲ. ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಬಿದಿರ ಕಡ್ಡಿ. ಸಾವಿಗೆ ಬೇರೆ ಗತ್ತು, ಪಟದ ಕುಣಿತಕ್ಕೆ ಬೇರೆ ಗತ್ತು, ಪೂಜಾಕುಣಿತಕ್ಕೆ ಬೇರೆ. ಪೂಜೆ ಹೊತ್ತವನ ಕಾಲು ಸೋಲುತ್ತಿದೆಯೆಂದು ಕಂಡರೆ ಗತ್ತನ್ನು ತಿರುಗಿಸಿ ಅವನನ್ನು ಮೇಲೆತ್ತುತ್ತಿದ್ದ. ಒಂದು ಅಕ್ಷರ ಬರೆಯಲು ಬಾರದವನ ತಲೆಯಲ್ಲಿ ಆ ಲೆಕ್ಕವೆಲ್ಲ ಹೇಗೆ ಕುಳಿತಿತ್ತೋ! ಅವನ ಜೊತೆಗೇ ಅದೂ ಹೋಯಿತು.

ನನ್ನ ತಂದೆ ತಮಟೆಯನ್ನು ಮುಟ್ಟಲಿಲ್ಲ. ಒಂದು ಮಾರಿಹಬ್ಬದಲ್ಲಿ ‘ನಾನು ಬಡಿಯುವುದಿಲ್ಲ’ ಎಂದು ಹೇಳಿ, ಅದರ ಫಲವಾಗಿ ಎರಡು ವರ್ಷ ಊರಿನಲ್ಲಿ ಕೂಲಿ ಸಿಕ್ಕದೆ ಪಾಂಡವಪುರದ ಕಡೆ ಕಬ್ಬು ಕಡಿಯಲು ಹೋದರು. ಆ ಕಬ್ಬಿನ ದುಡ್ಡಿನಿಂದಲೇ ನಾನು ಶಾಲೆಗೆ ಸೇರಿದೆ. ಇಂದು ಪದವಿ ತರಗತಿಯ ಬೆಂಚಿನಲ್ಲಿ ಕುಳಿತ ನಮ್ಮ ಮನೆಯ ಮೊದಲಿಗ ನಾನು.

ತಂದೆಯವರಿಗೆ ಆ ‘ಇಲ್ಲ’ ಎಂಬ ಮಾತು ಎಲ್ಲಿಂದ ಬಂತು? ಹಾಡಿನಿಂದ ಬಂತು ಎಂದರೆ ಯಾರೂ ನಂಬಲಾರರು; ಅವರೇ ಹಾಗೆ ಹೇಳುತ್ತಾರೆ. 1970ರ ದಶಕದಲ್ಲಿ ನಮ್ಮ ನಾಡಿನಲ್ಲಿ ಏನಾಯಿತೆಂಬುದನ್ನು ನಮ್ಮ ತರಗತಿಯ ಅನೇಕರು ಅರಿಯರು. 1973ರಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಒಂದು ಸಭೆಯಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದು ಕರೆದರು. ನಾಡೆಲ್ಲ ಗದ್ದಲವೆದ್ದು, ಹಾಸ್ಟೆಲುಗಳಲ್ಲಿದ್ದ ದಲಿತ ವಿದ್ಯಾರ್ಥಿಗಳು ಪೆಟ್ಟು ತಿಂದು, ಕೊನೆಗೆ ಅವರು ಮಂತ್ರಿಪದವಿಯನ್ನೂ ಬಿಡಬೇಕಾಯಿತು. ಆ ಬೆಂಕಿಯಲ್ಲಿ ಕಾದ ಚರ್ಮವೇ ದಲಿತ ಚಳವಳಿ. ಪ್ರೊ. ಬಿ. ಕೃಷ್ಣಪ್ಪನವರ ನಾಯಕತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಅಚ್ಚಾಯಿತು. ಆಗ ಕವಿಗೆ ವಯಸ್ಸು ಇಪ್ಪತ್ತೊಂದು. ನಮ್ಮ ನಿಮ್ಮ ವಯಸ್ಸು! ಅದೇ 1975ರಲ್ಲಿ ಜಮೈಕಾದಲ್ಲಿ ಬರ್ನಿಂಗ್ ಸ್ಪಿಯರ್ ಎಂಬ ಹಾಡುಗಾರ ಮಾರ್ಕಸ್ ಗಾರ್ವೆಯ ಹೆಸರನ್ನೇ ಇಟ್ಟು ತನ್ನ ಹಾಡುಗಳ ತಟ್ಟೆಯನ್ನು ಹೊರತಂದ. ಒಂದೇ ವರ್ಷ, ಎರಡು ಕೇರಿಗಳು. ಬಯ್ಗುಳವಾಗಿದ್ದ ಹೆಸರನ್ನು ತಲೆಯ ಮೇಲೆ ಪೇಟದಂತೆ ಸುತ್ತಿಕೊಂಡ ಆ ಧೈರ್ಯವನ್ನು ನಾನು ಎರಡೂ ಕಡೆ ಕಾಣುತ್ತೇನೆ.

ಆ ಹಾಡುಗಳನ್ನು ಓದುಗರಿಗಿಂತ ಹೆಚ್ಚಾಗಿ ಕೇಳುಗರು ಬೆಳೆಸಿದರು. ಮೈಸೂರಿನ ಜನಾರ್ಧನ್, ಜನ್ನಿ ಎಂದು ಹೆಸರಾದವರು, ಕೋಲಾರದ ಪಿಚ್ಚಳ್ಳಿ ಶ್ರೀನಿವಾಸ್ ಮೊದಲಾದವರು ಊರೂರಿಗೆ ಹೋಗಿ ಬಯಲಿನಲ್ಲಿ ನಿಂತು ಹಾಡಿದರು. ವಾದ್ಯ ಯಾವುದು? ಪಿಟೀಲಲ್ಲ, ಹಾರ್ಮೋನಿಯಮ್ಮಲ್ಲ, ಅದೇ ತಮಟೆ. ನನ್ನ ತಂದೆ ಹುಡುಗನಾಗಿದ್ದಾಗ ಕೃಷ್ಣರಾಜಪೇಟೆಯಲ್ಲಿ ಇಂಥದೊಂದು ಸಭೆಗೆ ಹೋಗಿದ್ದರಂತೆ. ಭಾಷಣ ಒಂದೂ ನೆನಪಿಲ್ಲ. “ಅಲ್ಲೀಗಂಟ ತಮಟೆ ಸದ್ದು ಕೇಳುದ್ರೆ ನಂಗೆ ತಲೆ ಬಗ್ಗೋದು. ಅವತ್ತು ಬಗ್ಗಲಿಲ್ಲ” ಎನ್ನುತ್ತಾರೆ. ಊರಿಗಾಗಿ ಬಡಿಯಬೇಡವೆಂದು ಹೇಳಿದ ಚಳವಳಿ ತನಗಾಗಿ ಅದನ್ನೇ ಕೈಗೆತ್ತಿಕೊಂಡಿತ್ತು. ಈ ವಿಚಿತ್ರವನ್ನು ನಾವು ಸಾಕಷ್ಟು ಯೋಚಿಸಿಲ್ಲವೆಂದು ನನ್ನ ಅಭಿಪ್ರಾಯ.

ಇದಕ್ಕೂ ಹಿಂದಿನ ಬೇರೊಂದಿದೆ. ಅದು ಅಜ್ಜಿ ಕೈ ಮುಗಿದ ಬೇರು. ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ, ಆಚೆಯ ಚಿಕ್ಕಲ್ಲೂರು, ಈಚೆಯ ಕಪ್ಪಡಿ ಇವು ಮಂಟೇಸ್ವಾಮಿ ಪರಂಪರೆಯ ಕ್ಷೇತ್ರಗಳು. ತಂಬೂರಿ ಹಿಡಿದ ನೀಲಗಾರರು ಇರುಳಿಡೀ ಹಾಡುವ ಆ ಕಥೆಯಲ್ಲಿ ಮಂಟೇಸ್ವಾಮಿ ಹೊಲಸು ಮೈಯವನಾಗಿ, ಕೀಳು ಕುಲದವನಂತೆ ಕಲ್ಯಾಣದ ಬಾಗಿಲಿಗೆ ಹೋಗುತ್ತಾನೆ. ಜಾತಿಯಿಲ್ಲವೆಂದು ಹೇಳುವ ಊರಿನಲ್ಲಿಯೇ ಜಾತಿಯಿದೆಯೆಂಬುದು ಬಯಲಾಗುತ್ತದೆ. ರಾಸ್ತಫಾರಿಗಳು ಶತ್ರುವಿನ ಪಟ್ಟಣಕ್ಕೆ ಬ್ಯಾಬಿಲಾನ್ ಎಂದರು. ನಮ್ಮ ನೀಲಗಾರರು ಇನ್ನೂ ಗಟ್ಟಿಗರು. ಮಿತ್ರರ ಪಟ್ಟಣವನ್ನೇ ಒರೆಗೆ ಹಚ್ಚಿದರು. ಈ ಕಥೆಗಳು ಕಾಗದಕ್ಕೆ ಇಳಿಯುವಂತಾಗಲು ದುಡಿದವರಲ್ಲಿ ಮುಖ್ಯರಾದ ಜೀ.ಶಂ. ಪರಮಶಿವಯ್ಯನವರು ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ರಾಮನಗರದ ಜಾನಪದ ಲೋಕವನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಅದೇ ತಾಲ್ಲೂಕಿನ ಹೆರಗನಹಳ್ಳಿಯವರು. ಒಂದೇ ತಾಲ್ಲೂಕು ಕನ್ನಡ ಜಾನಪದಕ್ಕೆ ಇಂಥ ಇಬ್ಬರನ್ನು ಕೊಟ್ಟಿರುವಾಗ, ಆ ತಾಲ್ಲೂಕಿನಿಂದ ದಿನವೂ ಬಸ್ಸಿನಲ್ಲಿ ಬರುವ ನಮ್ಮ ಮಿತ್ರರಿಗೆ ಇವರ ಹೆಸರು ಗೊತ್ತಿಲ್ಲದಿರುವುದು ಸೋಜಿಗವೇ ಸರಿ. (ನನಗೂ ಎರಡನೆಯ ವರ್ಷದವರೆಗೆ ಗೊತ್ತಿರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.)

ನನ್ನ ಮಾತಿಗೆ ಹಾಸ್ಟೆಲಿನಲ್ಲಿಯೇ ವಿರೋಧವಿದೆ. “ತಮಟೆಯನ್ನು ಹೊಗಳುವವರೆಲ್ಲ ಬಡಿಯದವರೇ. ನಿನ್ನ ಅಪ್ಪ ಬಿಟ್ಟದ್ದನ್ನು ನೀನು ಮತ್ತೆ ತಲೆಯ ಮೇಲೆ ಹೊತ್ತುಕೊಳ್ಳುತ್ತೀಯಾ?” ಎಂದು ಒಬ್ಬ ಮಿತ್ರ ಕೇಳಿದ. ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಡಾ. ಅಂಬೇಡ್ಕರರು 1928ರಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಮಹಾರರ ವತನಿನ ಬಗ್ಗೆ ಮಸೂದೆ ತಂದದ್ದು, ಊರಿನ ಬಿಟ್ಟಿ ಚಾಕರಿಯೆಂಬುದು ಒಂದು ಜನಾಂಗವನ್ನೇ ಹೇಗೆ ಕಟ್ಟಿಹಾಕುತ್ತದೆಂಬುದನ್ನು ಕಂಡೇ. ಸತ್ತ ಮನೆಯ ಮುಂದೆ ತಮಟೆ ಬಡಿಯುವುದನ್ನು ಬಿಟ್ಟು ಪೆಟ್ಟು ತಿಂದ ಹಿರಿಯರ ಮುಂದೆ ನಿಂತು, ‘ಅದು ಕಲೆ, ಉಳಿಸಿಕೊಳ್ಳಿ’ ಎಂದು ಉಪದೇಶ ಮಾಡುವ ಧೈರ್ಯ ನನಗಿಲ್ಲ. ಯಾವ ಹುಡುಗನೂ ಜಾತಿಯ ಕಾರಣದಿಂದ ತಮಟೆ ಕಲಿಯಬೇಕಾಗಿಲ್ಲ. ಕಲಿಯದಿದ್ದರೆ ಯಾರೂ ಅವನನ್ನು ಕೇಳತಕ್ಕದ್ದಲ್ಲ.

ಹಾಗೆಂದು ಅದನ್ನು ಸುಟ್ಟುಬಿಡಿ ಎನ್ನುವವರ ಮಾತಿಗೂ ನನ್ನ ಒಪ್ಪಿಗೆಯಿಲ್ಲ. ಗುಲಾಮಗಿರಿಯ ಕಾಲದ ಡೋಲೆಂದು ಜಮೈಕಾದವರು ಅದನ್ನು ಬಿಸುಟಿದ್ದರೆ ರೆಗೇ ಎಲ್ಲಿ ಹುಟ್ಟುತ್ತಿತ್ತು? ತಪ್ಪು ಚರ್ಮದ್ದಲ್ಲ. ಬಡಿ ಎಂದವನ ಬಾಯಿಯದು. ಬಡಿಯುವವನೇ ಯಾವಾಗ, ಎಲ್ಲಿ, ಯಾರಿಗೆ, ಎಷ್ಟಕ್ಕೆ ಎಂದು ನಿರ್ಧರಿಸುವಂತಾದರೆ ಅದೇ ಚರ್ಮ ಬೇರೆ ದನಿ ಕೊಡುತ್ತದೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ದೊರೆತಾಗ ನಮ್ಮ ಕೇರಿಯಲ್ಲಿ ಟಿ.ವಿ.ಯ ಮುಂದೆ ಜನ ಸೇರಿದ್ದರು. ನನ್ನ ದೊಡ್ಡಪ್ಪ ಸುದ್ದಿ ಮುಗಿದ ಮೇಲೂ ಎದ್ದು ಹೋಗದೆ ಜಾಹೀರಾತುಗಳನ್ನೇ ನೋಡುತ್ತ ಕುಳಿತಿದ್ದರು. ಅವರು ತಮಟೆ ಬಿಟ್ಟವರಲ್ಲ. ಊರಿನ ಚಾಕರಿಯನ್ನು ಬಿಟ್ಟು, ನಾಲ್ಕು ಜನರ ತಂಡ ಕಟ್ಟಿ, ದುಡ್ಡು ಮಾತಾಡಿ ಬಡಿಯುವವರು.

ಈಗ ಹೇಳಬೇಕಾದ, ಹೇಳಲು ನಾಚಿಕೆಯಾಗುವ ಸಂಗತಿಗೆ ಬಂದಿದ್ದೇನೆ. ನಾನು ಮೊದಲ ವರ್ಷದಲ್ಲಿದ್ದಾಗ ಕಾಲೇಜು ದಿನಾಚರಣೆಗೆ ಅತಿಥಿಗಳನ್ನು ಬರಮಾಡಿಕೊಳ್ಳಲು ತಮಟೆಯವರನ್ನು ಕರೆಸಿದ್ದರು. ಬಂದ ನಾಲ್ವರಲ್ಲಿ ಒಬ್ಬರು ನನ್ನ ದೊಡ್ಡಪ್ಪ. ಗೇಟಿನ ಹೊರಗೆ ರಸ್ತೆಯ ಪಕ್ಕದಲ್ಲಿ ಹುಲ್ಲು ಹಚ್ಚಿ ತಮಟೆ ಕಾಯಿಸಿಕೊಂಡರು. ಗೇಟಿನಿಂದ ವೇದಿಕೆಯ ಮೆಟ್ಟಿಲವರೆಗೆ ಕುಣಿಯುತ್ತ ಬಡಿದರು. ಹುಡುಗರು ಶಿಳ್ಳೆ ಹಾಕಿದರು, ಮೊಬೈಲುಗಳಲ್ಲಿ ಚಿತ್ರ ತೆಗೆದರು. ಅತಿಥಿಗಳು ಮೇಲಕ್ಕೆ ಹೋದರು. ತಮಟೆ ಅಲ್ಲಿಗೇ ನಿಂತಿತು. ಆ ನಾಲ್ವರು ಸ್ಕೂಟರ್ ನಿಲ್ಲಿಸುವ ಷೆಡ್ಡಿನ ನೆರಳಿನಲ್ಲಿ ಕುಳಿತು ಎಲ್ಲರ ಊಟ ಮುಗಿಯುವವರೆಗೂ ಕಾದರು. ವಂದನಾರ್ಪಣೆಯಲ್ಲಿ ಶಾಮಿಯಾನ ಹಾಕಿದವರ ಹೆಸರು ಬಂತು. ಇವರದು ‘ತಮಟೆಯವರಿಗೂ’ ಎಂಬ ಒಂದು ಮಾತಿನಲ್ಲಿ ಮುಗಿಯಿತು.

ಇದರಲ್ಲಿ ಯಾರ ಕೆಟ್ಟತನವೂ ಇತ್ತೆಂದು ನಾನು ಹೇಳುವುದಿಲ್ಲ. ಎಲ್ಲ ಕಡೆಯೂ ಹೀಗೆಯೇ ನಡೆಯುತ್ತದೆ. ನನ್ನ ನಡತೆಯನ್ನು ಹೇಳುತ್ತೇನೆ. ದೊಡ್ಡಪ್ಪ ದೂರದಿಂದ ನನ್ನನ್ನು ಕಂಡು ಕೈಯೆತ್ತಿದರು. ಪಕ್ಕದಲ್ಲಿದ್ದ ಹೊಸ ಗೆಳೆಯ, “ನಿಮ್ಮೂರವರೇನೋ?” ಎಂದು ಕೇಳಿದ. “ಇಲ್ಲ, ಆ ಕಡೆಯವರಿರಬೇಕು” ಎಂದು ಹೇಳಿ ನಾನು ಮುಖ ತಿರುಗಿಸಿದೆ. ಅವರಿಗೆ ಕೇಳಿಸಿರಲಾರದು, ಕಂಡಿದ್ದಂತೂ ನಿಜ. ಎರಡು ದಿನ ಬಿಟ್ಟು ಊರಿಗೆ ಹೋದಾಗ ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ. “ನಿಮ್ ಕಾಲೇಜಲ್ಲಿ ಊಟ ಚೆಂದಾಗಿತ್ತು ಕನಪ್ಪ” ಎಂದರು, ಅಷ್ಟೆ. ತಾತನ ದನಿಯಲ್ಲಿ ಸಿಟ್ಟಿಲ್ಲದಿದ್ದುದು ನನಗೆ ನೆನಪಾಯಿತು.

ಕಾಣದ ದೇಶದ ಹಾಡುಗಾರನನ್ನು ಎದೆಯ ಮೇಲೆ ಹೊತ್ತು ತಿರುಗುವುದು ನಮಗೆ ಸುಲಭ. ಆ ಟೀ ಶರ್ಟನ್ನು ಆಮೇಲೆ ನಾನೂ ಒಂದು ಕೊಂಡೆ. ಅದನ್ನು ತೊಟ್ಟು ದೊಡ್ಡಪ್ಪನ ಮುಂದೆ ಕುಳಿತು, ಮೊಬೈಲಿನಲ್ಲಿ ಮಾರ್ಲಿಯ ಹಾಡೊಂದನ್ನು ಕೇಳಿಸಿದೆ. ಮಾತು ಅರ್ಥವಾಗದು; ಅವರ ಬೆರಳುಗಳು ಮಾತ್ರ ತೊಡೆಯ ಮೇಲೆ ತಾಳ ಹುಡುಕುತ್ತಿದ್ದುವು. ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಆ ಖಾಲಿ ಜಾಗವನ್ನು ಹಿಡಿದರು. “ಎಲ್ಲಾ ಬುಟ್ಟು ಅಲ್ಲೇ ಸುಮ್ಕಿರ್ತಾನಲ್ಲೋ ಇವ್ನು! ಕಳ್ಳ!” ಎಂದು ನಕ್ಕರು. ರೆಗೇಯ ಲಯವನ್ನು ಇಷ್ಟು ಚೆನ್ನಾಗಿ ಹೇಳಿದ ಮಾತನ್ನು ನಾನು ಎಲ್ಲಿಯೂ ಓದಿಲ್ಲ. ಆಗಲೇ ಆ ಹಳೆಯ ಸಂಗತಿಯನ್ನು ಎತ್ತಿ ತಪ್ಪು ಒಪ್ಪಿಕೊಂಡೆ. ಅವರು ಏನೂ ಹೇಳದೆ ಬೀಡಿ ಹಚ್ಚಿದರು.

ಸಂಪಾದಕ ಸಮಿತಿಯ ಗುರುಗಳು ಅನುಮತಿಸಿದರೆ ಒಂದೆರಡು ಬಿನ್ನಹಗಳನ್ನು ಇಲ್ಲಿಯೇ ಮಾಡಿಬಿಡುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದಲೂ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬೊಬ್ಬರು ತಮ್ಮ ಊರಿನ ಒಬ್ಬ ನೀಲಗಾರನಿಂದಲೋ ತಮಟೆಯವನಿಂದಲೋ ಒಂದು ಹಾಡು, ಒಂದು ಗತ್ತಿನ ಹೆಸರು, ಹೇಳಿದವನ ಹೆಸರಿನ ಸಮೇತ ಬರೆದು ತಂದರೂ ವರ್ಷ ತುಂಬುವುದರೊಳಗೆ ಕನ್ನಡ ವಿಭಾಗದಲ್ಲಿ ಒಂದು ದಪ್ಪ ಪುಸ್ತಕವಾಗುತ್ತದೆ. ಚಳವಳಿಯ ಹಾಡುಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆ ಪುಸ್ತಕಗಳಿಗೆ ಗೆದ್ದಲು ಹಿಡಿಯುತ್ತಿದೆ. 2021ರಲ್ಲಿ ಕೋವಿಡ್ ರೋಗ ಸಿದ್ಧಲಿಂಗಯ್ಯನವರನ್ನೇ ಕೊಂಡೊಯ್ಯಿತು. ನಾವು ನಿಧಾನ ಮಾಡಲಾಗದು. ಮತ್ತೊಂದು: ಈ ವರ್ಷದ ಕಾಲೇಜು ದಿನಾಚರಣೆಯಲ್ಲಿ ತಮಟೆಯವರು ಗೇಟಿನಿಂದ ಮೆಟ್ಟಿಲವರೆಗೆ ಬಂದು ನಿಲ್ಲುವ ಬದಲು, ಮೆಟ್ಟಿಲು ಹತ್ತಿ ವೇದಿಕೆಯ ಮೇಲೆ ಅರ್ಧ ಗಂಟೆ ಬಡಿಯಲಿ, ಅವರ ಹೆಸರುಗಳು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಲಿ, ಅತಿಥಿಗಳ ಪಂಕ್ತಿಯಲ್ಲಿಯೇ ಅವರ ಊಟವಾಗಲಿ.

ಇದನ್ನು ಬರೆಯುವ ಮೊದಲು ದೊಡ್ಡಪ್ಪನನ್ನು ಕೇಳಿದೆ, ಬರುತ್ತೀರಾ ಎಂದು. ಬಹಳ ಹೊತ್ತು ಯೋಚಿಸಿದರು. ಹೆಸರು ಅಚ್ಚಾಗುವ ಮಾತಿಗೆ ಅಷ್ಟಾಗಿ ಕಿವಿಗೊಡಲಿಲ್ಲ; ಬಸ್ ಚಾರ್ಜಿನ ಬಗ್ಗೆಯೂ ಕೇಳಲಿಲ್ಲ. “ಹೋದ್ಸಲ ರಸ್ತೇಲಿ ಕಾಯಿಸ್ಕಂಡೊ, ಲಾರಿ ಗಾಳಿಗೆ ಉರಿ ನಿಲ್ನಿಲ್ಲ. ಈ ಸಲ ಕಾಂಪೋಂಡ್ ಒಳಗೆ, ಸ್ಟೇಜ್ ಪಕ್ಕದಲ್ಲೆ ಬೆಂಕಿ ಹಾಕಕ್ಕೆ ಬುಟ್ರೆ ಬತ್ತೀನಿ” ಎಂದರು. ಹುಲ್ಲನ್ನು ನಾನೇ ಊರಿನಿಂದ ಹೊತ್ತು ತರುತ್ತೇನೆಂದು ಮಾತು ಕೊಟ್ಟಿದ್ದೇನೆ. ಪ್ರಿನ್ಸಿಪಾಲರ ಅಪ್ಪಣೆಯೊಂದು ಬಾಕಿ ಇದೆ.